ಮಕ್ಕಳು ಕೇಳುವ ಬೈಕು, ಮಕ್ಕಳಿಗೆ ಒಗ್ಗುವ ಬೈಕು

ಪಿಯುಸಿ ಮುಗಿದು ಮುಂದಿನ ಕಾಲೇಜಿನ ಸೀಟು ಖಾತ್ರಿಯಾಗುವ ಹೊತ್ತಿಗೆ ಬಹಳ ಮನೆಗಳಲ್ಲಿ ಬೈಕಿನ ಮಾತು ಏಳುತ್ತದೆ. ಸಾಮಾನ್ಯವಾಗಿ ಅದು ಮೊದಲು ಅಮ್ಮನ ಕಿವಿಗೆ ಬಿದ್ದು, ಅಲ್ಲಿಂದ ಅಪ್ಪನ ಬಳಿಗೆ ಬರುತ್ತದೆ. ಮಗ ಒಂದು ಮಾಡೆಲ್ಲಿನ ಹೆಸರು ಹೇಳುತ್ತಾನೆ. ಅಪ್ಪ "ಎಷ್ಟು ಸಿಸಿ? ಮೈಲೇಜ್ ಎಷ್ಟು ಕೊಡುತ್ತೆ?" ಎನ್ನುತ್ತಾರೆ. ಅಮ್ಮ "ಸ್ಕೂಟಿ ಸಾಕಲ್ವೇನೋ?" ಎನ್ನುತ್ತಾರೆ. ಮೂವರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಮಗನ ತಲೆಯಲ್ಲಿರುವುದು ತಾನು ಎಲ್ಲಿಗೆ ಹೋಗಬೇಕು, ಹೋಗುವಾಗ ಹೇಗೆ ಕಾಣಬೇಕು ಎಂಬುದು. ಅಪ್ಪನದು ಖರ್ಚಿನ ಯೋಚನೆ. ಅಮ್ಮನಿಗೆ ಅವನು ಸಂಜೆ ಕ್ಷೇಮವಾಗಿ ಮನೆ ಸೇರಿದರೆ ಸಾಕು. ಮೂರೂ ನ್ಯಾಯವಾದ ಚಿಂತೆಗಳೇ. ಒಂದಕ್ಕೊಂದು ಎದುರಾಗದೆ ದೂರದಿಂದಲೇ ಹಾದುಹೋಗುವುದರಿಂದ ಮಾತು ಜಗಳಕ್ಕೆ ತಿರುಗುತ್ತದೆ.

ಹೊಸದಾಗಿ ಬೈಕು ಹಿಡಿಯುವವರಿಗೆ ಓಡಿಸುವುದನ್ನು ಕಲಿಸುವುದು ನನ್ನ ಕೆಲಸ. ಇಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೊಂದಿದೆ. ಯಾವ ಬೈಕು ಎಂಬುದರ ಮೇಲೆ ಮನೆಯಲ್ಲಿ ವಾರಗಟ್ಟಲೆ ವಾದ ನಡೆದಿರುತ್ತದೆ; ಅದನ್ನು ಎಲ್ಲಿ, ಹೇಗೆ, ಯಾರನ್ನು ಹಿಂದೆ ಕೂರಿಸಿಕೊಂಡು ಓಡಿಸುತ್ತೀಯ ಎಂದು ಯಾರೂ ಕೇಳಿರುವುದಿಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಸಿಕ್ಕರೆ ಷೋರೂಮಿನ ಹತ್ತಾರು ಬೈಕುಗಳಲ್ಲಿ ಎರಡೋ ಮೂರೋ ಮಾತ್ರ ಉಳಿಯುತ್ತವೆ. ಉಳಿದವುಗಳಲ್ಲಿ ಯಾವುದನ್ನು ಆರಿಸಿದರೂ ದೊಡ್ಡ ತಪ್ಪಾಗುವುದಿಲ್ಲ.

ನಿಮ್ಮ ಆತಂಕಕ್ಕೆ ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಹೆಲ್ಮೆಟ್ ಇಲ್ಲದೆ ಸತ್ತವರು ಸುಮಾರು 50,000. ಈ ಅಂಕಿಗಳನ್ನು ಓದಿದ ತಂದೆತಾಯಿಗೆ "ಬೈಕೇ ಬೇಡ" ಅನಿಸುವುದು ಸಹಜ. ಆದರೆ ಬೇಡ ಎಂದಷ್ಟೇ ಹೇಳಿ ಮಾತು ಮುಗಿಸಿದ ಮನೆಯ ಹುಡುಗ ಬೈಕು ಓಡಿಸದೆ ಉಳಿಯುವುದು ಅಪರೂಪ. ಅವನು ಗೆಳೆಯನ ಬೈಕು ಓಡಿಸುತ್ತಾನೆ. ಅದರ ಬ್ರೇಕು ಎಲ್ಲಿ ಹಿಡಿಯುತ್ತದೆ, ಟೈರು ಎಷ್ಟು ಸವೆದಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ತಲೆಗೆ ಹಾಕಿಕೊಂಡರೆ ಯಾರದ್ದೋ ಸಡಿಲ ಹೆಲ್ಮೆಟ್ಟು.

ಹದಿನೆಂಟರ ವಯಸ್ಸಿನವರಿಗೆ ಬೈಕು ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತದೆ? ಅಲ್ಲಿಯವರೆಗೆ ಅವರ ದಿನವನ್ನು ಬೇರೆಯವರು ಗೊತ್ತುಮಾಡಿರುತ್ತಾರೆ. ಶಾಲೆಯ ವ್ಯಾನು, ಟ್ಯೂಷನ್ನಿನ ಹೊತ್ತು, ಕೊನೆಯ ಬಸ್ಸು. ಯಾರನ್ನೂ ಕೇಳದೆ ಹೊರಟು, ತಾನೇ ದಾರಿ ಆರಿಸಿಕೊಂಡು, ತಾನೇ ಹಿಂತಿರುಗುವ ಮೊದಲ ಸಾಧನ ಬೈಕು. ಜೊತೆಗೆ ಅದೊಂದು ಕೌಶಲ. ಪರೀಕ್ಷೆಯ ಅಂಕದಲ್ಲಿ ಹಿಂದಿರುವ ಹುಡುಗನೂ ಕ್ಲಚ್ಚು, ಗೇರು, ಬ್ರೇಕುಗಳನ್ನು ಲಯವಾಗಿ ಕೂಡಿಸುವುದನ್ನು ಕಲಿತಾಗ ತಾನೂ ಒಂದು ವಿಷಯದಲ್ಲಿ ಗಟ್ಟಿಗ ಎಂದು ಮೊದಲ ಬಾರಿಗೆ ನಂಬುತ್ತಾನೆ. ಮೂರನೆಯದು ಗೆಳೆಯರ ಗುಂಪು. ಯಾವ ಬೈಕು ಎಂಬುದು ಅಲ್ಲಿ ಯಾವ ಊರು, ಯಾವ ಕಾಲೇಜು ಎಂಬಷ್ಟೇ ಮುಖ್ಯವಾದ ಗುರುತು. ಮೊದಲ ಎರಡು ಆಸೆಗಳು ಆರೋಗ್ಯಕರ. ಅವಕ್ಕೆ ಅಡ್ಡಿ ಮಾಡಬೇಕಿಲ್ಲ. ಮೂರನೆಯದನ್ನು ಅರ್ಥಮಾಡಿಕೊಂಡು ಎಚ್ಚರದಿಂದ ನಿಭಾಯಿಸಬೇಕು.

ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಮುಂದಾಗುವುದನ್ನು ಅಂದಾಜು ಮಾಡಿ ಆವೇಗಕ್ಕೆ ಕಡಿವಾಣ ಹಾಕುವ ಒಂದು ಪ್ರದೇಶವಿದೆ. ಅದು ಪೂರ್ತಿ ಬಲಿಯುವುದು ಇಪ್ಪತ್ತರ ವಯಸ್ಸಿನ ನಡುವಿಗೆ. ರೋಚಕತೆಗೆ, ಮೆಚ್ಚುಗೆಗೆ ಮಿಡಿಯುವ ಭಾಗಗಳು ಅದಕ್ಕಿಂತ ಬಹಳ ಮೊದಲೇ ಚುರುಕಾಗಿರುತ್ತವೆ. ಈ ಅಂತರದ ವರ್ಷಗಳಲ್ಲೇ ಮಕ್ಕಳ ಕೈಗೆ ಬೈಕು ಬರುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟಿದ್ದರು. ಕೆಲವರು ಒಬ್ಬರೇ ಆಡಿದರು, ಕೆಲವರು ತಮ್ಮ ವಯಸ್ಸಿನವರ ಎದುರಿಗೆ ಆಡಿದರು. ನೋಡುವವರಿದ್ದಾಗ ಹದಿಹರೆಯದವರೂ ಕಾಲೇಜು ವಯಸ್ಸಿನವರೂ ತೆಗೆದುಕೊಂಡ ಅಪಾಯ ಎದ್ದು ಕಾಣುವಷ್ಟು ಹೆಚ್ಚಿತು. ದೊಡ್ಡವರಲ್ಲಿ ಅಂಥ ಏರಿಕೆ ಕಾಣಲಿಲ್ಲ.

ಇದು ಗುಣದೋಷವಲ್ಲ, ವಯಸ್ಸಿನ ಸ್ಥಿತಿ. ನಿಮ್ಮ ಎದುರಿಗೆ ನಿಧಾನವಾಗಿ ಗೇಟು ದಾಟುವ ಮಗ, ಇಬ್ಬರು ಗೆಳೆಯರು ಪಕ್ಕದ ಬೈಕಿನಲ್ಲಿದ್ದಾಗ ಬೇರೆ ಥರ ಓಡಿಸಬಹುದು, ಎರಡೂ ಅವನೇ. ಹಾಗಾಗಿ ಮೊದಲ ಕೆಲವು ತಿಂಗಳು ಯಾವ ಬೈಕು ಎಂಬುದಕ್ಕಿಂತ ಹಿಂದಿನ ಸೀಟಿನಲ್ಲಿ ಯಾರು ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಮನೆಯಲ್ಲಿ ಬೈಕಿನ ಬಗ್ಗೆ ಒಂದೇ ಒಂದು ನಿಯಮ ಇಡಬಹುದಾದರೆ, ಕೈ ಪಳಗುವವರೆಗೆ ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳಬಾರದು ಎಂಬುದನ್ನೇ ಇಡಿ ಎನ್ನುತ್ತೇನೆ. ಹಿಂದೆ ಒಬ್ಬರು ಕೂತರೆ ಭಾರ ಹಿಂದಕ್ಕೆ ಸರಿಯುತ್ತದೆ, ಹ್ಯಾಂಡಲ್ ಹಗುರಾಗುತ್ತದೆ, ನಿಲ್ಲಲು ಬೇಕಾದ ದೂರ ಬದಲಾಗುತ್ತದೆ. ಜೊತೆಗೆ ಒಬ್ಬ ಪ್ರೇಕ್ಷಕ ಸಿಗುತ್ತಾನೆ.

ಇನ್ನು ಬೈಕಿನ ಕಡೆಗೆ ಬರೋಣ. ತಂದೆತಾಯಿ ಕೇಳುವ ಮೊದಲ ಪ್ರಶ್ನೆ ಸಿಸಿಯದ್ದು. ಸಿಸಿ ಕಡಿಮೆಯಾದರೆ ಬೈಕು ಸೌಮ್ಯ, ಹೆಚ್ಚಾದರೆ ಉಗ್ರ ಎಂಬ ನಂಬಿಕೆ ಅದರ ಹಿಂದಿದೆ. ಒಂದು ಕಾಲಕ್ಕೆ ಅದು ಒಂದಿಷ್ಟು ನಿಜವೂ ಆಗಿತ್ತು. ಈಗ ಅದೊಂದನ್ನೇ ನೆಚ್ಚಿದರೆ ಆಯ್ಕೆ ತಲೆಕೆಳಗಾಗುತ್ತದೆ. ಸಿಸಿ ಎಂದರೆ ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗದ ಗಾತ್ರ. ಎಂಜಿನ್ ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ. ಯಾವ ಸ್ವಭಾವದ್ದು ಎಂದು ಹೇಳುವುದಿಲ್ಲ.

ಎರಡು ಜನಪ್ರಿಯ ಬೈಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ರಾಯಲ್ ಎನ್‌ಫೀಲ್ಡಿನ ಕ್ಲಾಸಿಕ್ 350, ಕೆಟಿಎಂನ 200 ಡ್ಯೂಕ್. ಎರಡರ ಸಿಲಿಂಡರಿನ ಅಡ್ಡಳತೆಯೂ ಒಂದೇ, 72 ಮಿಲಿಮೀಟರ್. ವ್ಯತ್ಯಾಸವೆಲ್ಲ ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರದಲ್ಲಿದೆ. ಕ್ಲಾಸಿಕ್‌ನಲ್ಲಿ ಅದು 85.8 ಮಿಲಿಮೀಟರ್, ಡ್ಯೂಕ್‌ನಲ್ಲಿ 49. ದೂರ ಹೆಚ್ಚಿದ್ದರೆ ಪಿಸ್ಟನ್ ನಿಧಾನವಾಗಿ, ಆದರೆ ಬಲವಾಗಿ ತಳ್ಳುತ್ತದೆ. ಗಾಲಿಯನ್ನು ತಿರುಗಿಸುವ ಈ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ದೂರ ಕಡಿಮೆಯಿದ್ದರೆ ಎಂಜಿನ್ ಬಹಳ ವೇಗವಾಗಿ ಸುತ್ತಬಲ್ಲದು, ಆ ವೇಗದಿಂದ ಶಕ್ತಿಯನ್ನು ಪಡೆಯುತ್ತದೆ. ಕ್ಲಾಸಿಕ್ ತನ್ನ ಗರಿಷ್ಠ ಶಕ್ತಿಯಾದ ಸುಮಾರು 20 ಅಶ್ವಶಕ್ತಿಯನ್ನು ನಿಮಿಷಕ್ಕೆ 6,100 ಸುತ್ತಿನಲ್ಲೇ ಕೊಟ್ಟು ಮುಗಿಸುತ್ತದೆ. ಡ್ಯೂಕ್ ಸುಮಾರು 25 ಅಶ್ವಶಕ್ತಿ ಕೊಡುವುದು 10,000 ಸುತ್ತಿನಲ್ಲಿ. ತೂಕ ನೋಡಿದರೆ ಕ್ಲಾಸಿಕ್ 195 ಕೆಜಿ, ಡ್ಯೂಕ್ 160 ಕೆಜಿಯ ಆಸುಪಾಸು. ಅಂದರೆ 350 ಸಿಸಿಯ ಬೈಕು ಭಾರವಾದದ್ದು, ಸಮಾಧಾನದ್ದು. 200 ಸಿಸಿಯದು ಹಗುರ, ಚುರುಕು. "350 ಬೇಡ, 200 ಸಾಕು" ಎಂದು ಮಗನನ್ನು ಒಪ್ಪಿಸಿದ ತಂದೆ, ಅವನನ್ನು ಹೆಚ್ಚು ವೇಗದ ಬೈಕಿನ ಮೇಲೆ ಕೂರಿಸಿರುತ್ತಾರೆ.

ಒಂದೇ ಕಂಪನಿಯ, ಒಂದೇ ಗಾತ್ರದ ಬೈಕುಗಳಲ್ಲೂ ಈ ಭೇದವಿದೆ. ಯಮಹಾದ ಎಫ್‌ಜೆಡ್-ಎಸ್ 149 ಸಿಸಿ, ಅದರ ಶಕ್ತಿ 12.4 ಅಶ್ವಶಕ್ತಿ. ಆರ್15 155 ಸಿಸಿ, ಅದರದ್ದು 18.4. ಗಾತ್ರದಲ್ಲಿ ಆರು ಸಿಸಿಯ ಅಂತರ, ಶಕ್ತಿಯಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು. "ಎರಡೂ ನೂರೈವತ್ತೇ ಅಪ್ಪಾ" ಎಂದು ಮಗ ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಆದರೂ ಅವು ಬೇರೆ ಬೇರೆ ಬೈಕುಗಳು. ನಿಮ್ಮ ಯೌವನದ ಯಮಹಾ ಆರ್‌ಎಕ್ಸ್ 100 ನೆನಪಿಸಿಕೊಂಡರೆ ಇದು ಇನ್ನೂ ಸುಲಭವಾಗಿ ಹೊಳೆದೀತು. 98 ಸಿಸಿಯ ಆ ಟೂ-ಸ್ಟ್ರೋಕ್ ಬೈಕಿನಲ್ಲಿ 11 ಅಶ್ವಶಕ್ತಿ ಇತ್ತು. ಇಂದಿನ 97 ಸಿಸಿಯ ಸ್ಪ್ಲೆಂಡರಿನಲ್ಲಿ ಇರುವುದು 8. ಎರಡನ್ನೂ ಓಡಿಸಿದವರಿಗೆ ಅವನ್ನು ಒಂದೇ ವರ್ಗಕ್ಕೆ ಸೇರಿಸಲು ಮನಸ್ಸು ಬಾರದು.

ಹಾಗಾದರೆ ಏನನ್ನು ನೋಡಬೇಕು? ಬೈಕಿನ ವಿವರದ ಹಾಳೆಯಲ್ಲಿ ಶಕ್ತಿ ಎಷ್ಟು, ತೂಕ ಎಷ್ಟು, ಆ ಶಕ್ತಿ ಎಷ್ಟು ಸುತ್ತಿಗೆ ಬರುತ್ತದೆ ಎಂಬ ಮೂರನ್ನೂ ಒಟ್ಟಿಗೆ ಓದಿ. ಕಡಿಮೆ ಸುತ್ತಿನಲ್ಲೇ ಬಲ ಕೊಡುವ ಎಂಜಿನ್ ಕಲಿಯುವವರಿಗೆ ಅನುಕೂಲ. ಕ್ಲಚ್ಚು ಬಿಡುವಾಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಆಫ್ ಆಗುವುದಿಲ್ಲ, ಎಕ್ಸಲರೇಟರ್ ತುಸು ಜಾಸ್ತಿ ತಿರುಗಿದರೂ ಮುಂದಕ್ಕೆ ಚಿಮ್ಮುವುದಿಲ್ಲ. ಮೇಲಿನ ಸುತ್ತಿನಲ್ಲಿ ಜೀವ ಪಡೆಯುವ ಎಂಜಿನ್ ಸವಾರನನ್ನು ಆ ಸುತ್ತಿಗೆ ಕರೆಯುತ್ತಲೇ ಇರುತ್ತದೆ. ಅದರ ಸುಖವೂ ಅಲ್ಲೇ, ಅದರ ಜವಾಬ್ದಾರಿಯೂ ಅಲ್ಲೇ.

ಈಗ ಓಡಿಸುವ ಶೈಲಿಯ ಮಾತು. ಇದನ್ನು ತಿಳಿಯಲು "ನಿನ್ನ ಶೈಲಿ ಯಾವುದು?" ಎಂದು ಕೇಳಿ ಪ್ರಯೋಜನವಿಲ್ಲ. ಮೊದಲ ಬೈಕು ಕೊಳ್ಳುವವರಿಗೆ ಶೈಲಿ ಇನ್ನೂ ಹುಟ್ಟಿರುವುದಿಲ್ಲ. ವಿಡಿಯೊಗಳಲ್ಲಿ ನೋಡಿದ ಶೈಲಿ ಮಾತ್ರ ಇರುತ್ತದೆ. ಬದಲಿಗೆ ಒಂದು ಹಾಳೆ ತೆಗೆದುಕೊಂಡು ಅವನ ಒಂದು ವಾರವನ್ನು ಇಬ್ಬರೂ ಕೂತು ಬರೆಯಿರಿ. ಕಾಲೇಜು ಎಷ್ಟು ದೂರ, ದಾರಿಯಲ್ಲಿ ಎಷ್ಟು ಸಿಗ್ನಲ್ಲು, ಸಂಜೆ ಎಲ್ಲಿಗೆ, ಭಾನುವಾರ ಎಲ್ಲಿಗೆ, ಊರಿಗೆ ಬೈಕಿನಲ್ಲೇ ಹೋಗುವ ಆಸೆಯಿದೆಯೇ, ಮಳೆಗಾಲದಲ್ಲಿ ಏನು ಮಾಡುತ್ತಾನೆ, ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ. ಈ ಹಾಳೆಯಲ್ಲಿ ಅವನು ಬರೆಸುವ ಭಾನುವಾರವನ್ನು ಸೋಮವಾರದಷ್ಟೇ ಗೌರವದಿಂದ ನೋಡಿ. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋಗಬೇಕು ಎಂದರೆ ಆಗಲೇ ತಡೆಯಬೇಡಿ. ಹೇಳಿದ್ದಕ್ಕೆ ಬೈಗುಳ ಸಿಕ್ಕರೆ ಮುಂದಿನ ಸಾಲುಗಳು ಸುಳ್ಳಾಗುತ್ತವೆ.

ಹಾಳೆ ತುಂಬಿದ ಮೇಲೆ ಬೈಕು ತಾನಾಗಿ ಹತ್ತಿರ ಬರುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಕಡೆ ದಿನಕ್ಕೆ ಎರಡು ಸಲ ನಿಂತು ನಿಂತು ಸಾಗುವವರಿಗೆ ಹಗುರ ಕ್ಲಚ್ಚು, ಕಡಿಮೆ ತೂಕ, ನೆಟ್ಟಗೆ ಕೂರುವ ಭಂಗಿ ಬೇಕು; 100ರಿಂದ 150 ಸಿಸಿಯ ನಿತ್ಯಬಳಕೆಯ ಬೈಕುಗಳನ್ನು ಮಾಡಿರುವುದೇ ಅದಕ್ಕೆ. ಆರ್15ನಂಥ ಬೈಕಿನಲ್ಲಿ ಹ್ಯಾಂಡಲ್ ಕೆಳಗಿದ್ದು, ಫುಟ್‌ರೆಸ್ಟ್ ಹಿಂದಕ್ಕಿರುತ್ತದೆ. ಸವಾರ ಮುಂದಕ್ಕೆ ಬಾಗುತ್ತಾನೆ, ಅವನ ಮೈಭಾರ ಮಣಿಕಟ್ಟಿಗೆ ಬರುತ್ತದೆ. ವೇಗದಲ್ಲಿ ಎದುರುಗಾಳಿ ಎದೆಯನ್ನು ತಳ್ಳಿ ಆ ಭಾರವನ್ನು ಹಗುರ ಮಾಡುತ್ತದೆ. ಟ್ರಾಫಿಕ್ಕಿನಲ್ಲಿ ಗಾಳಿಯ ನೆರವಿಲ್ಲದೆ ಕೈ ನೋಯುತ್ತದೆ. ಕೈ ನೋಯುವ ಹುಡುಗ ಟ್ರಾಫಿಕ್ಕಿನಿಂದ ಬೇಗ ಪಾರಾಗಲು ನೋಡುತ್ತಾನೆ, ಸಂದಿಯಲ್ಲಿ ನುಗ್ಗುತ್ತಾನೆ. ನುಗ್ಗುವ ಚಟ ಎಂದು ನಾವು ಬೈಯುವುದರ ಹಿಂದೆ ಕೆಲವೊಮ್ಮೆ ಒಗ್ಗದ ಭಂಗಿಯೊಂದು ಇರುತ್ತದೆ.

ಮಲೆನಾಡಿನಲ್ಲೋ ಕರಾವಳಿಯಲ್ಲೋ ಇರುವವರು, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಜೂನ್ ಜುಲೈ ತಿಂಗಳ ಮಳೆಯಲ್ಲೂ ಓಡಿಸಬೇಕಾದವರು ಬೈಕಿನ ವೇಗ ನೋಡುವ ಮೊದಲು ಬ್ರೇಕು ಮತ್ತು ಟೈರನ್ನು ನೋಡಬೇಕು. ಕೊಡಗು, ಚಿಕ್ಕಮಗಳೂರಿನ ತೋಟದ ಕಲ್ಲುಮಣ್ಣಿನ ದಾರಿಗೆ ನೆಲದಿಂದ ಎತ್ತರವಿರುವ, ಉದ್ದನೆಯ ಸಸ್ಪೆನ್ಷನ್ನಿನ ಬೈಕು ಒಳ್ಳೆಯದು. ಹೀರೊ ಎಕ್ಸ್‌ಪಲ್ಸ್ 200 ಅಂಥದ್ದು, ಅದರ ತಳ ನೆಲದಿಂದ 220 ಮಿಲಿಮೀಟರ್ ಮೇಲಿದೆ. ಹುಬ್ಬಳ್ಳಿಯಿಂದ ವಿಜಯಪುರದ ಕಡೆಯ ನೇರ ಹೆದ್ದಾರಿಯಲ್ಲಿ ತಿಂಗಳಿಗೊಮ್ಮೆ ಊರಿಗೆ ಹೋಗುವವರಿಗೆ ಮೇಲಿನ ಗೇರಿನಲ್ಲಿ ಒದ್ದಾಡದೆ ಸಾಗುವ, ಅಡ್ಡಗಾಳಿಗೆ ಅಲುಗದ ತುಸು ಭಾರದ ಬೈಕು ಹಿತ. ಇವೆಲ್ಲವೂ ಒಂದೇ ಬೈಕಿನಲ್ಲಿ ಸಿಗುವುದಿಲ್ಲ. ವಾರದ ಆರು ದಿನಕ್ಕೆ ಒಗ್ಗುವುದನ್ನು ಕೊಂಡು ಏಳನೆಯ ದಿನ ಅದರಲ್ಲೇ ಸುಧಾರಿಸಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಬಹಳ ಜನ ಇದರ ತಿರುಗಮುರುಗ ಮಾಡುತ್ತಾರೆ.

ಮೈಗೆ ಹೊಂದುವ ವಿಚಾರ ಇನ್ನೂ ಮುಖ್ಯ, ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಲಾಗದು. ಚಪ್ಪಲಿಯನ್ನು ಕಾಲಿಗೆ ಹಾಕಿ ನೋಡಿ ಕೊಳ್ಳುವ ಹಾಗೆ ಬೈಕನ್ನೂ ಹತ್ತಿ ಕೂತೇ ಕೊಳ್ಳಬೇಕು. ಸೀಟಿನ ಎತ್ತರ ಸ್ಪ್ಲೆಂಡರಿನಲ್ಲಿ 785 ಮಿಲಿಮೀಟರ್, ರಾಯಲ್ ಎನ್‌ಫೀಲ್ಡಿನ ಹಂಟರ್ 350ರಲ್ಲಿ 790, ಕ್ಲಾಸಿಕ್‌ನಲ್ಲಿ 805, ಆರ್15ರಲ್ಲಿ 815. ಹಾಳೆಯ ಮೇಲೆ ಎರಡು ಮೂರು ಸೆಂಟಿಮೀಟರಿನ ವ್ಯತ್ಯಾಸ ಕ್ಷುಲ್ಲಕ ಅನಿಸೀತು. ಇಳಿಜಾರಿನ ಸಿಗ್ನಲ್ಲಿನಲ್ಲಿ ಬಲಗಾಲು ಬ್ರೇಕಿನ ಮೇಲೆ, ಎಡಗಾಲು ನೆಲ ಹುಡುಕುತ್ತಿರುವಾಗ ಅದೇ ಎಲ್ಲ. ಸೀಟು ಅಗಲವಾಗಿದ್ದರೆ ಕಡಿಮೆ ಎತ್ತರದ್ದೂ ಎತ್ತರ ಅನಿಸುತ್ತದೆ, ಕಿರಿದಾಗಿದ್ದರೆ ಎತ್ತರದ್ದೂ ಕಾಲಿಗೆ ಸಿಗುತ್ತದೆ. ಮೊದಲ ಬೈಕಿನಲ್ಲಿ ಎರಡೂ ಪಾದಗಳ ಮುಂಭಾಗವಾದರೂ ಗಟ್ಟಿಯಾಗಿ ನೆಲ ಊರಬೇಕು. ಎಂಜಿನ್ ಆಫ್ ಮಾಡಿ, ಕೂತುಕೊಂಡೇ ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಲಿ. ಸ್ಟ್ಯಾಂಡ್ ತೆಗೆದು, ಇಳಿದು, ಪಕ್ಕದಲ್ಲಿ ನಡೆಯುತ್ತ ಒಂದು ಅರ್ಧ ಸುತ್ತು ತಿರುಗಿಸಲಿ. ಕಾಲೇಜಿನ ಇಕ್ಕಟ್ಟಾದ ಪಾರ್ಕಿಂಗಿನಲ್ಲಿ ದಿನಾ ಮಾಡಬೇಕಾದ ಕೆಲಸ ಇದೇ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ಮಗಳು ಬೈಕು ಕೇಳಿದರೆ ಬಹುತೇಕ ಮನೆಗಳಲ್ಲಿ ಉತ್ತರ ಸಿದ್ಧವಿರುತ್ತದೆ: ಸ್ಕೂಟರು. ಸ್ಕೂಟರು ಒಳ್ಳೆಯ ವಾಹನವೇ. ಅವಳ ವಾರದ ಹಾಳೆ ಸ್ಕೂಟರನ್ನೇ ತೋರಿಸಿದರೆ ಅದನ್ನೇ ಕೊಳ್ಳಿ. ಆದರೆ ಅವಳು ಕೇಳಿದ್ದು ಗೇರಿನ ಬೈಕನ್ನು, ಅವಳ ದಾರಿ ಕೆಟ್ಟದ್ದು ಅಥವಾ ದೂರದ್ದು ಎಂದಿದ್ದರೆ ದೊಡ್ಡ ಗಾಲಿಯ, ಕಡಿಮೆ ತೂಕದ ಬೈಕು ಗುಂಡಿಗಳಲ್ಲಿ ಸ್ಕೂಟರಿನ ಸಣ್ಣ ಗಾಲಿಗಿಂತ ಸ್ಥಿರವಾಗಿರುತ್ತದೆ. ನಿಭಾಯಿಸುವುದಕ್ಕೆ ತೋಳಿನ ಬಲ ಬೇಕೆಂಬುದು ತಪ್ಪು ಕಲ್ಪನೆ. ಚಲಿಸುವ ಬೈಕನ್ನು ಸಮತೋಲದಲ್ಲಿಡುವುದು ಅದರ ವೇಗ ಮತ್ತು ಸವಾರರ ನೋಟ. ಬಲ ಬೇಕಾಗುವುದು ನಿಂತಾಗ ಮಾತ್ರ, ಅದಕ್ಕೇ ತೂಕ ಮತ್ತು ಸೀಟಿನ ಎತ್ತರ ಸರಿ ಇರಬೇಕು ಎನ್ನುವುದು.

ಅಭಿರುಚಿಯನ್ನು ಹಿರಿಯರು ಶೋಕಿ ಎಂದು ತಳ್ಳಿಹಾಕುವುದುಂಟು. ನಾನು ಹಾಗೆ ನೋಡುವುದಿಲ್ಲ. ತನಗೆ ಇಷ್ಟವಾದ ಬಣ್ಣದ, ಇಷ್ಟವಾದ ಆಕಾರದ ಬೈಕನ್ನು ಹುಡುಗರು ಒರೆಸುತ್ತಾರೆ, ಚೈನಿಗೆ ಎಣ್ಣೆ ಹಾಕುತ್ತಾರೆ, ಟೈರಿನ ಗಾಳಿ ನೋಡುತ್ತಾರೆ. ಬಲವಂತಕ್ಕೆ ಬಂದ ಬೈಕು ಅನಾಥವಾಗಿ ಸರ್ವಿಸ್ ಕಾಣದೆ ಓಡುತ್ತದೆ. ತಂದೆಯ ಅಭಿರುಚಿ ಮಗನ ಮೇಲೆ ಕೂರುವುದೂ ಉಂಟು. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ದಿಯ ಮೇಲೆ ತಿರುಗಿದವರಿಗೆ, ಬುಲೆಟ್ಟಿನ ಆಸೆ ಇದ್ದೂ ಕೊಳ್ಳಲಾಗದಿದ್ದವರಿಗೆ, ಮಗನ ಬೈಕಿನಲ್ಲಿ ತಮ್ಮ ಇಪ್ಪತ್ತರ ಹರೆಯ ಕಾಣುತ್ತದೆ. ಪ್ರೀತಿಯಿಂದಲೇ ಅವನಿಗೆ ಭಾರದ ಬೈಕು ಕೊಡಿಸುತ್ತಾರೆ. ಐದಡಿ ನಾಲ್ಕಂಗುಲದ, ಐವತ್ತೈದು ಕೆಜಿಯ ಹುಡುಗನಿಗೆ 195 ಕೆಜಿಯ ಬೈಕು ಮೊದಲ ವರ್ಷಕ್ಕೆ ಹೊರೆಯಾಗಬಹುದು.

ಅಭಿರುಚಿಗೆ ಗೆರೆ ಎಳೆಯಬೇಕಾದ ಜಾಗವೂ ಇದೆ. ಸೈಲೆನ್ಸರ್ ಬದಲಿಸುವುದು, ಕನ್ನಡಿ ಕಳಚುವುದು, ನಂಬರ್ ಪ್ಲೇಟು ಮಡಚುವುದು. ಕಂಪನಿ ಕೊಟ್ಟ ಸ್ವರೂಪವನ್ನು ಬದಲಿಸಲು ಮೋಟಾರು ವಾಹನ ಕಾಯ್ದೆಯಲ್ಲಿ ಅವಕಾಶವಿಲ್ಲ, ವಿಮೆಯ ಹಣ ಕೇಳುವಾಗಲೂ ಅದು ತೊಡಕಾಗುತ್ತದೆ. ಸದ್ದಿನ ಹಂಬಲದ ಹಿಂದಿರುವುದು "ನಾನು ಬಂದೆ, ನೋಡಿ" ಎಂಬ ಬಯಕೆ. ಮನೆಯಲ್ಲಿ ಅವನ ಮಾತಿಗೆ, ಅವನ ಬೇರೆ ಸಾಮರ್ಥ್ಯಗಳಿಗೆ ಗಮನ ಸಿಗುತ್ತಿದೆಯೇ ಎಂದು ಒಮ್ಮೆ ನೋಡಿಕೊಂಡರೆ, ಸೈಲೆನ್ಸರಿನ ಬಗ್ಗೆ ಮಾತಾಡುವುದು ಸುಲಭವಾಗುತ್ತದೆ.

ಬೈಕು ಒಗ್ಗುವುದು ಎಂಬುದಕ್ಕೆ ಇನ್ನೊಂದು ಅರ್ಥವಿದೆ, ಒಡನಾಟದಿಂದ ಬರುವಂಥದ್ದು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕ್ ಅಪಘಾತಗಳನ್ನು ಹ್ಯಾರಿ ಹರ್ಟ್ ಎಂಬ ಸಂಶೋಧಕರು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟರು. ಅಪಘಾತಕ್ಕೀಡಾದ ಸವಾರರಿಗೆ ಬೈಕು ಓಡಿಸಿದ ಅನುಭವ ಸರಾಸರಿ ಮೂರು ವರ್ಷದ ಹತ್ತಿರ ಇತ್ತು. ಆದರೆ ಅಪಘಾತವಾದ ಆ ನಿರ್ದಿಷ್ಟ ಬೈಕಿನ ಜೊತೆ ಅರ್ಧಕ್ಕಿಂತ ಹೆಚ್ಚು ಮಂದಿಯ ಪರಿಚಯ ಐದು ತಿಂಗಳಿಗೂ ಕಡಿಮೆ. ಶೇ. 92ರಷ್ಟು ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದ, ಗೆಳೆಯರಿಂದ ಕಲಿತವರು. ದೇಶ ಬೇರೆ, ಕಾಲ ಬೇರೆ. ಆದರೂ ಹೊಸ ಬೈಕಿನ ಮೊದಲ ತಿಂಗಳುಗಳೇ ಸೂಕ್ಷ್ಮ ಎಂಬ ಈ ಅಂಶವನ್ನು ನಾನು ಇಲ್ಲಿಯೂ ಪ್ರತಿದಿನ ಕಾಣುತ್ತೇನೆ. ನಿಮ್ಮ ಪೂರ್ತಿ ಶಕ್ತಿಯನ್ನು ಕೊಳ್ಳುವ ದಿನದ ವಾದದಲ್ಲೇ ಖರ್ಚು ಮಾಡಿಬಿಡಬೇಡಿ. ಅದರ ನಂತರದ ಆರು ತಿಂಗಳಿಗೆ ಉಳಿಸಿಕೊಳ್ಳಿ.

ಆ ತಿಂಗಳುಗಳಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ನಿಲ್ಲಿಸುವುದನ್ನು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತದೆ. ಎದುರಿಗೆ ಬಂದ ನಾಯಿಯನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದುಹೋಗುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಿನ ಗಾಲಿಗೆ ಬರುವುದರಿಂದ ಹೆಚ್ಚು ತಡೆಯುವ ಶಕ್ತಿ ಮುಂದಿನ ಬ್ರೇಕಿನಲ್ಲಿದೆ. "ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ" ಎಂದು ಮನೆಯಲ್ಲಿ ಹೇಳಿಕೊಡುವುದರಿಂದ ಎಷ್ಟೋ ಮಕ್ಕಳು ಅದನ್ನು ಮುಟ್ಟುವುದೇ ಇಲ್ಲ. ಬೀಳಿಸುವುದು ಒಮ್ಮೆಲೇ ಕಿತ್ತು ಹಿಡಿದಾಗ, ತಿರುವಿನಲ್ಲಿ ಹಿಡಿದಾಗ. ನೆಟ್ಟಗೆ ಹೋಗುವಾಗ ಮೆಲ್ಲನೆ ಶುರುಮಾಡಿ ಬಿಗಿಮಾಡುತ್ತ ಹೋಗುವುದನ್ನು ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಸಬೇಕು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕು ಹಿಡಿದಾಗ ಗಾಲಿ ತಿರುಗುವುದನ್ನೇ ನಿಲ್ಲಿಸಿ ಜಾರದಂತೆ, ಹಿಡಿತವನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುವ ವ್ಯವಸ್ಥೆ ಇದು. ಚಿಕ್ಕ ಬೈಕುಗಳಲ್ಲಿ ಸಾಮಾನ್ಯವಾಗಿ ಸಿಬಿಎಸ್ ಇರುತ್ತದೆ, ಅಂದರೆ ಹಿಂದಿನ ಬ್ರೇಕು ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಎರಡು ಬೈಕುಗಳ ನಡುವೆ ಮನಸ್ಸು ತೂಗುತ್ತಿದ್ದು, ಒಂದರಲ್ಲಿ ಎರಡೂ ಗಾಲಿಗೆ ಎಬಿಎಸ್ ಇದ್ದರೆ ಆ ಕಡೆಗೆ ವಾಲಿ. ಮೈಲೇಜಿನಲ್ಲಿ ಉಳಿಸುವ ದುಡ್ಡಿಗಿಂತ ಅದು ಬೆಲೆಬಾಳುತ್ತದೆ.

ಬೈಕನ್ನು ಮನೆಗೆ ತರುವ ವಿಧಾನದ ಬಗ್ಗೆ ಎರಡು ಮಾತು. ಅಂಕಕ್ಕೆ ಬಹುಮಾನವಾಗಿ ಬೈಕು ಕೊಡುವ ಪದ್ಧತಿ ಬಿಡುವುದು ಒಳ್ಳೆಯದು. "ತೊಂಬತ್ತು ಪರ್ಸೆಂಟ್ ತಂದರೆ ಬೈಕು" ಎಂದಾಗ ಗಾಡಿ ಗೆದ್ದು ಪಡೆದ ಆಸ್ತಿಯಾಗುತ್ತದೆ, ಅದರ ಬಳಕೆಗೆ ನಿಯಮ ಹಾಕುವ ನೈತಿಕ ಹಕ್ಕನ್ನು ನೀವೇ ಬಿಟ್ಟುಕೊಟ್ಟ ಹಾಗಾಗುತ್ತದೆ. ಬೈಕು ಕೊಡಲು ಸರಿಯಾದ ಅಳತೆ ಓಡಿಸುವ ಸಿದ್ಧತೆಯೇ. ಹದಿನೆಂಟು ತುಂಬುವ ಮೊದಲು ಗೇರಿನ ಬೈಕನ್ನು ಕೈಗೆ ಕೊಡುವುದಂತೂ ಬೇಡವೇ ಬೇಡ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ದುಡ್ಡಿನ ಲೆಕ್ಕವನ್ನು ಹೆಲ್ಮೆಟ್ಟಿನಿಂದ ಶುರುಮಾಡಿ. ಐಎಸ್‌ಐ ಮುದ್ರೆಯ, ಕೆನ್ನೆಗೆ ಒತ್ತಿ ಕೂರುವ, ತಲೆಯಾಡಿಸಿದರೆ ಅಲುಗದ, ಗದ್ದವನ್ನೂ ಮುಚ್ಚುವ ಹೆಲ್ಮೆಟ್ಟು. ಹಿಂದೆ ಕೂರುವವರಿಗೂ ಅಂಥದ್ದೇ ಒಂದು. ಜೊತೆಗೆ ಕೈಗವಸು, ಮಳೆಯಂಗಿ. ಇವನ್ನೆಲ್ಲ ಕೊಂಡ ಮೇಲೆ ಉಳಿದ ಹಣದಲ್ಲಿ ಬರುವುದೇ ನಿಮ್ಮ ಬೈಕು. ವಿಮೆಯಲ್ಲಿ ಒಂದು ಸೂಕ್ಷ್ಮವಿದೆ, ಷೋರೂಮಿನಲ್ಲಿ ಅದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಗಾಡಿಯ ನೋಂದಾಯಿತ ಮಾಲೀಕರಿಗೆ ಮಾತ್ರ. ಆರ್‌ಸಿ ಅಪ್ಪನ ಹೆಸರಿನಲ್ಲಿದ್ದು ಮಗ ಓಡಿಸುತ್ತಿದ್ದರೆ ಆ ರಕ್ಷೆ ಮಗನಿಗೆ ಸಿಗುವುದಿಲ್ಲ. ಒಂದೋ ಅವನ ಹೆಸರಿಗೇ ಕೊಳ್ಳಿ, ಇಲ್ಲವೇ ಅವನಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿ.

ಮೊದಲ ಬೈಕು ಸೆಕೆಂಡ್‌ಹ್ಯಾಂಡ್ ಆದರೂ ಅಡ್ಡಿಯಿಲ್ಲ, ನಂಬಿಕೆಯ ಮೆಕ್ಯಾನಿಕ್‌ಗೆ ತೋರಿಸಿ ಕೊಳ್ಳಿ. ನಿಲ್ಲಿಸುವಾಗ ಒಮ್ಮೆ ವಾಲಿಸಿ ಬೀಳಿಸುವುದು, ಹ್ಯಾಂಡಲ್ ಗೋಡೆಗೆ ತಾಗಿಸುವುದು ಎಲ್ಲ ಕಲಿಕೆಯಲ್ಲೂ ಇದ್ದದ್ದೇ. ಹಳೆಯ ಗಾಡಿಯ ಮೇಲಿನ ಗೀರನ್ನು ಮಗ ಮನೆಗೆ ಬಂದು ಹೇಳುತ್ತಾನೆ. ಹೊಸದರ ಮೇಲಿನದನ್ನು ಮುಚ್ಚಿಡುತ್ತಾನೆ.

ಲೈಸೆನ್ಸ್ ಬಂದು ಒಂದೆರಡು ತಿಂಗಳಾದ ಮೇಲೆ, ಹಿಂದಿನ ಸೀಟಿನಲ್ಲಿ ನೀವೇ ಕೂತು ಅವನು ದಿನಾ ಹೋಗುವ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಅಪ್ಪನೂ ಅಮ್ಮನೂ ಬೇರೆ ಬೇರೆ ದಿನ ಹೋದರೆ ಇನ್ನೂ ಒಳ್ಳೆಯದು. ಹಂಪ್ ಎಷ್ಟು ದೂರದಲ್ಲಿರುವಾಗ ವೇಗ ಇಳಿಸುತ್ತಾನೆ, ಬ್ರೇಕು ಹಿಡಿದಾಗ ನಿಮ್ಮ ಮೈ ಮುಂದಕ್ಕೆ ಮುಗ್ಗರಿಸುತ್ತದೆಯೋ ಮೆಲ್ಲನೆ ಸರಿಯುತ್ತದೆಯೋ, ಬಸ್ಸನ್ನು ಹಿಂದೆ ಹಾಕುವ ಮೊದಲು ಕನ್ನಡಿ ನೋಡುತ್ತಾನೋ, ನಿಂತಾಗ ಅವನ ಕಾಲು ನೆಲಕ್ಕೆ ಸಲೀಸಾಗಿ ಸಿಗುತ್ತದೆಯೋ ಎಂಬುದೆಲ್ಲ ಹಿಂದೆ ಕೂತವರ ಮೈಗೆ ಕಣ್ಣಿಗಿಂತ ಮೊದಲೇ ತಿಳಿಯುತ್ತದೆ. ದಾರಿಯಲ್ಲಿ ಏನೂ ಹೇಳಬೇಡಿ; ಹಿಂದಿನಿಂದ ಬರುವ ಸೂಚನೆ ಸವಾರನ ಗಮನ ಕದಿಯುತ್ತದೆ. ಇಳಿದ ಮೇಲೆ ಮೊದಲು ಅವನನ್ನೇ ಕೇಳಿ, ಈ ದಾರಿಯಲ್ಲಿ ಎಲ್ಲಿ ಕಷ್ಟ ಅನಿಸುತ್ತದೆ ಎಂದು. ಅವನು ತೋರಿಸುವ ಜಾಗ ಒಂದು, ನಿಮ್ಮ ಮೈಗೆ ತಿಳಿದ ಜಾಗ ಇನ್ನೊಂದು ಆಗಿದ್ದರೆ, ಮುಂದಿನ ಭಾನುವಾರ ಮೈದಾನದಲ್ಲಿ ಏನನ್ನು ಅಭ್ಯಾಸ ಮಾಡಬೇಕು ಎಂಬುದು ಇಬ್ಬರಿಗೂ ಗೊತ್ತಾಗಿರುತ್ತದೆ.